ನೆಲದ ಮೇಲಿನ ಪುಣೆ ಮಾತ್ರ ಸಾಕಾ?

ನಿನ್ನೆ ಬಾಲೇವಾಡಿಯಲ್ಲಿ ಒಂದು ಡೆಮೋ ನೋಡಿ ಬಂದೆ. ಆಗಿನಿಂದ ತಲೆ ಕೆಟ್ಟಿದೆ. ಪುಣೆಯ ಒಂದು ಭಾಗದ ಡಿಜಿಟಲ್ ಟ್ವಿನ್, ಅಂದರೆ ಕಂಪ್ಯೂಟರಿನೊಳಗೆ ಕಟ್ಟಿದ ಊರಿನ ತದ್ರೂಪು ಮಾದರಿ, ತೋರಿಸಿದರು. ಕಟ್ಟಡ, ಮರ, ಕಿಟಕಿ ಗಾಜಿನ ಮೇಲೆ ಬೀಳುವ ಸಂಜೆ ಬಿಸಿಲು, ಎಲ್ಲಾ ಇತ್ತು. ನಾನು ಕೇಳಿದ್ದು ಒಂದೇ: ಈ ರಸ್ತೆಯ ಕೆಳಗೆ ಮಳೆನೀರಿನ ಪೈಪ್ ಎಲ್ಲಿದೆ? "ಅದು ಎರಡನೇ ಹಂತದಲ್ಲಿ ಬರುತ್ತೆ ಸರ್" ಅಂದರು.

ಪುಣೆಯಲ್ಲಿ ಇದು ಎರಡನೇ ಹಂತಕ್ಕೆ ತಳ್ಳುವ ವಿಷಯವಾ? 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಬರುವ ಆಂಬಿಲ್ ಓಢಾ ಅನ್ನುವ ಹಳ್ಳ ಉಕ್ಕಿ ಹರಿಯಿತು. ಆ ಮಳೆಗೆ ಪುಣೆ ಮತ್ತು ಸುತ್ತಮುತ್ತ 20ಕ್ಕೂ ಹೆಚ್ಚು ಜನ ಸತ್ತರು. 2024ರ ಜುಲೈ 25ರ ಬೆಳಗಿನ ಜಾವ, ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತು. ನಮ್ಮಕ್ಕ ಇರುವುದು ಅದೇ ರಸ್ತೆಯಲ್ಲಿ ಅಂತ ನಿಮಗೆಲ್ಲ ಗೊತ್ತು. ಅವತ್ತು ಫೋನಿನಲ್ಲಿ ಅವಳು ಕೇಳಿದ್ದು ಇಷ್ಟೇ, "ನೀರು ಎಲ್ಲಿವರೆಗೂ ಬರುತ್ತೋ?" ಇಂಥ ನಕ್ಷೆ ಮಾಡುವುದೇ ಕೆಲಸವಾಗಿರುವ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಆ ಪ್ರಶ್ನೆಗೆ ಉತ್ತರ ಕೊಡಲಿಕ್ಕೇ ಅಲ್ವಾ ಡಿಜಿಟಲ್ ಟ್ವಿನ್ ಬೇಕಾಗಿರುವುದು? ಮಳೆಮಾಪಕದ ಲೆಕ್ಕ, ಅಣೆಕಟ್ಟಿನಿಂದ ಬಿಟ್ಟ ನೀರು, ಮುಠಾ ನದಿಯ ಮಟ್ಟ, ಮೂರೂ ಆಗಿಂದಾಗಲೇ ಅದರೊಳಗೆ ಬರಬೇಕು. ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ ಅಂತ ಅದು ಹೇಳಬೇಕು. ಹಾಗೆ ಹೇಳಬೇಕಾದರೆ ಪ್ರತಿ ಚೇಂಬರಿನ (ಚರಂಡಿಯ ಮ್ಯಾನ್‌ಹೋಲ್) ಇನ್ವರ್ಟ್ ಲೆವೆಲ್ ಬೇಕು, ಅಂದರೆ ಪೈಪಿನ ಒಳತಳ ಎಷ್ಟು ಎತ್ತರದಲ್ಲಿದೆ ಅನ್ನುವ ಅಳತೆ. ಪೈಪಿನ ಅಗಲ, ಇಳಿಜಾರು, ಒಳಗೆ ತುಂಬಿದ ಹೂಳು ಗೊತ್ತಿರಬೇಕು. ಡ್ರೋನಿನ ಲೈಡಾರ್, ಅಂದರೆ ಲೇಸರ್ ಬೆಳಕಿನಿಂದ ಅಳೆಯುವ ಉಪಕರಣ, ಚಾವಣಿಯನ್ನು ಕೆಲವೇ ಸೆಂಟಿಮೀಟರ್ ವ್ಯತ್ಯಾಸದಲ್ಲಿ ಅಳೆಯಬಲ್ಲದು. ನೆಲದೊಳಗೆ ಅದಕ್ಕೆ ಏನೂ ಕಾಣುವುದಿಲ್ಲ. ಅದಕ್ಕೆ ಚೇಂಬರಿನ ಮುಚ್ಚಳ ತೆಗೆದೇ ಅಳೆಯಬೇಕು, ಕೆಲವು ಕಡೆ ನೆಲದೊಳಗೆ ನೋಡುವ ರಾಡಾರ್ ತಳ್ಳಿಕೊಂಡು ನಡೆಯಬೇಕು. ಬೇಸರದ ಕೆಲಸ, ಡೆಮೋದಲ್ಲಿ ಮಿಂಚುವುದಿಲ್ಲ. ಅದಕ್ಕೇ ಯಾರೂ ಮೊದಲು ಮುಟ್ಟುವುದಿಲ್ಲ.

ಮುಖದ ಫೋಟೋ ನೋಡಿ ಹೊಟ್ಟೆನೋವಿಗೆ ಔಷಧ ಕೊಟ್ಟ ಹಾಗಿದೆ ಇದು.

"ಎಲ್ಲಾ ಒಟ್ಟಿಗೆ ಆಗಲ್ಲ, ಸಿಂಗಾಪುರವೂ ಮೊದಲು ಕಟ್ಟಡಗಳ ಮಾದರಿಯನ್ನೇ ಮಾಡಿತು" ಅಂತ ಗೆಳೆಯನೊಬ್ಬ ಹೇಳಿದ. ಮಾಡಿತು, ನಿಜ. ಆದರೆ ಅದೇ ಸಿಂಗಾಪುರ ನೆಲದಡಿಯ ಪೈಪು, ಕೇಬಲ್‌ಗಳ ನಕ್ಷೆ ಸರಿಮಾಡಲು 2017ರಲ್ಲಿ ಡಿಜಿಟಲ್ ಅಂಡರ್‌ಗ್ರೌಂಡ್ ಅಂತ ಬೇರೆ ಯೋಜನೆಯನ್ನೇ ಶುರುಮಾಡಬೇಕಾಯಿತು. ಅದನ್ನು ನೋಡಿಯೂ ನಾವು ಅದೇ ಕ್ರಮದಲ್ಲಿ ಯಾಕೆ ಹೋಗಬೇಕು? ಇನ್ನು ದುಡ್ಡಿಲ್ಲ ಅನ್ನುವ ಮಾತು. ಗಾಜಿನ ಮೇಲಿನ ಬಿಸಿಲಿಗೆ ದುಡ್ಡಿದೆಯಲ್ಲ!

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ನೆಲದೊಳಗಿನ ಸಂಗತಿ ಗೊತ್ತಿರುವ ಜನ ಇಲ್ಲೇ ಇದ್ದಾರೆ. ನಮ್ಮ ಏರಿಯಾದ ಚರಂಡಿ ಕೆಲಸದ ಮುಕಾದಮ (ಮೇಸ್ತ್ರಿ) ಕಾಕಾ ವಿಜಯಪುರ ಕಡೆಯವರು. ಒಂದು ಸಲ ನನ್ನ ನಕ್ಷೆ ನೋಡಿ, "ತಮ್ಮಾ, ಈ ಪೈಪಿನ್ಯಾಗ ನೀರು ಹೋಗಂಗಿಲ್ಲ. ಮುಂದ ಗ್ವಾಡಿ ಕಟ್ಯಾರ" ಅಂದರು. ಹೋಗಿ ನೋಡಿದರೆ ಗೋಡೆ ಇತ್ತು. ಇಂಥವರನ್ನು ಯಾವ ಡೆಮೋಗೂ ಯಾರೂ ಕರೆಯುವುದಿಲ್ಲ. ಅವರು ನಿವೃತ್ತರಾದರೆ ಆ ತಿಳಿವಳಿಕೆಯೂ ಅವರ ಜೊತೆ ಊರಿಗೆ ಹೋಗುತ್ತದೆ.

ಇಂಥ ಟೆಂಡರ್ ಬರೆಯುವವರು ನನ್ನ ಗೆಳೆಯರ ಪಟ್ಟಿಯಲ್ಲೇ ಇದ್ದೀರಿ. ದಯವಿಟ್ಟು ಮೊದಲ ಹಂತದಲ್ಲೇ ಚೇಂಬರ್‌ಗಳ ಇನ್ವರ್ಟ್ ಲೆವೆಲ್ ಕೇಳಿ. ಅಳೆದ ತಾರೀಕು ಬರೆಸಿ. ಮುಕಾದಮರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಸಮಯಕ್ಕೆ ಹಣ ಕೊಡಿ. ಇಷ್ಟು ಇಲ್ಲದಿದ್ದರೆ ಬಿಲ್ ಪಾಸ್ ಮಾಡಬೇಡಿ.