ಕೆಲಸದ ದಾರಿಯೇ ರೇಸಿಗೆ ತಯಾರಿ ಆಗುತ್ತಾ?

ಒಬ್ಬ ಆಲ್ದೂರಿನಿಂದ ಚಿಕ್ಕಮಗಳೂರಿಗೆ ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಬರುತ್ತಾನೆ. ಇನ್ನೊಬ್ಬನ ಮನೆ ಪೇಟೆಯಲ್ಲೇ ಇದೆ, ಸೈಕಲ್ ಹತ್ತುವುದು ತಾಲೀಮಿಗೆ ಮಾತ್ರ. ಇಬ್ಬರಿಗೂ 600 ಕಿ.ಮೀ. ಬ್ರೆವೆ, ಅಂದರೆ ಗೊತ್ತು ಮಾಡಿದ ಗಂಟೆಗಳೊಳಗೆ ತುಳಿದು ಮುಗಿಸಬೇಕಾದ ಉದ್ದ ಸೈಕಲ್ ಸವಾರಿ, ಮುಗಿಸುವ ಆಸೆ. ಇಬ್ಬರೂ ಗೆಳೆಯರು, ಈ ವಿಷಯ ಬಂದರೆ ಮಾತ್ರ ಜಗಳ.

ಪರ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಆಲ್ದೂರಿನಿಂದ ಪೇಟೆಗೆ ಸುಮಾರು 20 ಕಿ.ಮೀ. ಹೋಗಿ ಬಂದರೆ 40, ಐದು ದಿನಕ್ಕೆ 200. ಬಸ್ಸಿಗೆ ಕಾಯುವುದೂ ಸೇರಿದರೆ ಬಸ್ಸಿನಲ್ಲೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸೈಕಲ್ಲಿಗೆ ಒಂದು ಗಂಟೆ. ಅಂದರೆ ತಾಲೀಮಿಗೆ ಅಂತ ನಾನು ಕೊಡುತ್ತಿರುವುದು ದಿನಕ್ಕೆ ಹೆಚ್ಚೆಂದರೆ ಅರ್ಧ ಗಂಟೆ. ಮನೆಯಲ್ಲಿ ಮಕ್ಕಳಿದ್ದು ಸಂಬಳಕ್ಕೆ ದುಡಿಯುವವನಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಎಲ್ಲಿದೆ?

ಬ್ರೆವೆಗೆ ಭಾರೀ ವೇಗವೇನೂ ಬೇಕಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ, 600ಕ್ಕೆ 40 ಗಂಟೆ. ಟೀ, ಪಂಕ್ಚರು, ನಿದ್ದೆ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಬಿದ್ದರೆ ಸಾಕು. ಸುಮ್ನೆ ರೇಸು ಅಂತೀವಿ ಅಷ್ಟೇ, ಮೊದಲು ಬಂದವರಿಗೆ ಅಲ್ಲಿ ಬಹುಮಾನವೂ ಇಲ್ಲ. ಇಂಥದ್ದಕ್ಕೆ ತಳಪಾಯ ಹಾಕುವುದು ಪಕ್ಕದವರ ಜೊತೆ ಮಾತಾಡುತ್ತಾ ತುಳಿಯಬಹುದಾದ ಸವಾರಿ. ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುವುದು, ಸ್ನಾಯುಗಳು ಕೊಬ್ಬನ್ನು ಚೆನ್ನಾಗಿ ಬಳಸಿಕೊಳ್ಳುವುದು ಎಲ್ಲ ಹೀಗೇ ಬರುತ್ತದೆ, ಆದರೆ ತಿಂಗಳುಗಟ್ಟಲೆ ಬಿಡದೆ ತುಳಿಯಬೇಕು. ಭಾನುವಾರದ ಹುಮ್ಮಸ್ಸು ಒಂದು ಮಳೆಗೆ ಇಳಿದುಹೋಗುತ್ತದೆ. ಕೆಲಸಕ್ಕೆ ಹಾಗೆ ಚಕ್ಕರ್ ಹೊಡೆಯಲು ಆಗಲ್ಲ ಅಲ್ವಾ?

ಮಳೆಗಾಲದಲ್ಲಿ ಈ ರಸ್ತೆ ನೋಡಬೇಕು. ತೋಟದ ಗೇಟುಗಳ ಮುಂದೆ ಟ್ರ್ಯಾಕ್ಟರು ಎಳೆದು ತಂದ ಕೆಂಪು ಮಣ್ಣು ಡಾಂಬರಿನ ಮೇಲೆಲ್ಲ ಮೆತ್ತಿಕೊಂಡಿರುತ್ತದೆ. ಅಲ್ಲಿ ತಿರುವಿನಲ್ಲಿ ಮುಂದಿನ ಬ್ರೇಕು ಒತ್ತಿದರೆ ಕೆಳಗೆ ಬಿದ್ದಂತೆಯೇ. ವೇಗವನ್ನು ತಿರುವಿಗೆ ಮೊದಲೇ ಇಳಿಸಿಕೊಳ್ಳಬೇಕು. ರಿಮ್ ಬ್ರೇಕಿನ ರಬ್ಬರಿಗೆ ಈ ಮಣ್ಣಿನ ಮರಳು ಕಚ್ಚಿಕೊಂಡು ರಿಮ್ಮನ್ನೇ ಕೆರೆಯುತ್ತದೆ, ಆ ಶಬ್ದ ಕೇಳಿದ ಕೂಡಲೇ ಇಳಿದು ಒರೆಸಬೇಕು. ಬ್ರೆವೆಯಲ್ಲಿ ಲೈಟು, ಹೊಳೆಯುವ ಜಾಕೆಟ್ಟು ಕಡ್ಡಾಯ. ನನಗೆ ಅವಿಲ್ಲದೆ ಸಂಜೆ ಮನೆಗೇ ಹೋಗಲು ಆಗುವುದಿಲ್ಲ. ಜಿಗಣೆ ಇರುವ ಹುಲ್ಲಿನ ಪಕ್ಕ ನಿಂತು, ಕತ್ತಲಲ್ಲಿ ಹಿಂದಿನ ಚಕ್ರದ ಟ್ಯೂಬು ಬದಲಾಯಿಸುವುದನ್ನು ಯಾವ ಕೋಚೂ ಹೇಳಿಕೊಡುವುದಿಲ್ಲ.

ಜೋರಾಗಿ ತುಳಿಯಬೇಕು ಅನ್ನಿಸಿದ ಸಂಜೆ ಮನೆಗೆ ಫೋನ್ ಮಾಡಿ, ಮುಳ್ಳಯ್ಯನಗಿರಿ ದಾರಿಯ ಕೈಮರದ ಕಡೆ ತಿರುಗಿದರೆ ಆಯಿತು. ಪೇಟೆ ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿ 1,930. ಏರು ಸಾಲದು ಅಂತ ಇಲ್ಲಿ ಯಾರೂ ಗೊಣಗುವ ಹಾಗಿಲ್ಲ.

ವಿರೋಧ

ವಾರಕ್ಕೆ 200 ಕಿ.ಮೀ. ಅಂದರೆ ಕೇಳಲು ಚೆಂದ. ಆದರೆ ಅದು ಒಂದೊಂದು ಗಂಟೆಯ ಹತ್ತು ತುಂಡು. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಒಂದೂವರೆ ಎರಡು ಗಂಟೆಯ ಜೋರು ಸವಾರಿಗೆ ಸಾಕಾಗುತ್ತದೆ. ಗೆಳೆಯ ಅಷ್ಟರೊಳಗೆ ಆಫೀಸಿನ ಕುರ್ಚಿಯಲ್ಲಿ ಕೂತಿರುತ್ತಾನೆ. ಹಾಗಾಗಿ ತುಳಿಯುತ್ತಾ ತಿನ್ನುವುದನ್ನು ಅವನು ಕಲಿಯುವುದೇ ಇಲ್ಲ. ಉದ್ದ ಸವಾರಿಯಲ್ಲಿ ಗಂಟೆಗೆ 60 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳಬೇಕು. ಅಂದರೆ ಎರಡು ಬಾಳೆಹಣ್ಣೂ ಸಾಲದು, ಅದೂ ಗಂಟೆ ಗಂಟೆಗೂ. ಎಂಟನೇ ಗಂಟೆಗೆ ಬಾಳೆಹಣ್ಣು ಕಂಡರೆ ವಾಕರಿಕೆ. ಆಗ ಮೊಸರನ್ನ ಇಳಿಯುತ್ತದಾ, ಚಿತ್ರಾನ್ನ ಇಳಿಯುತ್ತದಾ, ಬರೀ ಉಪ್ಪು ಸಕ್ಕರೆ ನೀರೇ ಗತಿಯಾ ಅನ್ನುವುದು ಎಂಟು ಗಂಟೆ ತುಳಿದು ನೋಡಿದವನಿಗೇ ಗೊತ್ತು. ಸೀಟಿನ ಉರಿ, ಅಂಗೈ ಜೋಮು ಹಿಡಿಯುವುದು, ಕತ್ತು ಎತ್ತಲಾಗದ ನೋವು, ಇವೂ ಮೊದಲ ಗಂಟೆಯಲ್ಲಿ ಬರುವ ಗಿರಾಕಿಗಳಲ್ಲ.

ಇನ್ನು ಆ ಮಾತಾಡುತ್ತಾ ತುಳಿಯುವ ಸವಾರಿ. ಬೆನ್ನಿಗೆ ಬ್ಯಾಗು ಹಾಕಿಕೊಂಡು, ಆ ಏರಿಳಿತದ ರಸ್ತೆಯಲ್ಲಿ 20 ಕಿ.ಮೀ.ಯನ್ನು ಒಂದೇ ಗಂಟೆಯಲ್ಲಿ ಮುಗಿಸುವವನು ಯಾರ ಜೊತೆ ಮಾತಾಡುತ್ತಾನೆ? ಆಫೀಸಿನಲ್ಲಿ ಬಯೋಮೆಟ್ರಿಕ್ಕಿಗೆ ಬೆರಳು ಕೊಡುವ ಹೊತ್ತು ಮೀರಬಾರದು. ಕಾಫಿ ಕುಯ್ಲಿನ ದಿನಗಳಲ್ಲಿ ಆಳುಗಳನ್ನು ತುಂಬಿಕೊಂಡ ಜೀಪುಗಳು ಬೆಳಿಗ್ಗೆ ಅದೇ ರಸ್ತೆಯಲ್ಲಿ ಬರುತ್ತವೆ. ಹಿಂದೆ ಬಸ್ಸಿನ ಹಾರನ್ನು. ಎದೆ ಡವಡವ ಅನ್ನದೆ ಇರುತ್ತದಾ? ನಾರ್ವೆಯಲ್ಲಿ ಕೆಲಸ ಮಾಡುವ ಸಂಶೋಧಕ ಸ್ಟೀಫನ್ ಸೈಲರ್ ದೊಡ್ಡ ಮಟ್ಟದ ಕ್ರೀಡಾಪಟುಗಳ ತಾಲೀಮು ನೋಡಿ ಹೇಳಿದ್ದು, ಹೆಚ್ಚು ಕಮ್ಮಿ ಹತ್ತರಲ್ಲಿ ಎಂಟು ಆರಾಮದ್ದು, ಎರಡು ನಿಜಕ್ಕೂ ಜೋರಿನದು. ಇವನ ಹತ್ತೂ ನಡುವಿನವು. ಆರಾಮವೂ ಇಲ್ಲ, ಜೋರೂ ಇಲ್ಲ, ಸುಸ್ತು ಮಾತ್ರ ದಂಡಿ.

ಅದರ ಫಲ ಶನಿವಾರ ಕಾಣುತ್ತದೆ. ಬೇಲೂರು ದಾಟಿ ಹಳೇಬೀಡು ಮುಟ್ಟುವವರೆಗೆ ಇಬ್ಬರೂ ಸರಿಸಮ. ವಾಪಸ್ ಬರುವಾಗ ಅವನು ಸಣ್ಣ ಏರಿಗೂ ಗೇರು ಇಳಿಸುತ್ತಾನೆ, ಮಾತು ನಿಲ್ಲಿಸುತ್ತಾನೆ, ಆಮೇಲೆ ಸೀಟಿನ ಎತ್ತರ ಸರಿಯಿಲ್ಲ ಅನ್ನುತ್ತಾನೆ. ಸೀಟು ಸರಿಯಾಗಿಯೇ ಇದೆ. ಕಾಲಿಗೆ ವಾರವಿಡೀ ರಜೆ ಸಿಕ್ಕಿಲ್ಲ ಅಷ್ಟೇ. ತುಳಿದಾಗ ಸವೆದ ಸ್ನಾಯು ಗಟ್ಟಿಯಾಗುವುದು ಮಲಗಿದಾಗ. ಈಜು, ಸೈಕಲ್, ಓಟ ಮೂರೂ ಇರುವ ಐರನ್‌ಮ್ಯಾನ್ ರೇಸಿಗೆ ಹೊರಟವರಿಗಂತೂ ಇನ್ನೂ ಕಷ್ಟ. 180 ಕಿ.ಮೀ. ತುಳಿದ ಮೇಲೆ 42.2 ಕಿ.ಮೀ. ಓಡಬೇಕು, ಈಜಿಗೂ ದಿನ ಹುಡುಕಬೇಕು. ಎಲ್ಲ ಹೊತ್ತನ್ನೂ ಆಲ್ದೂರು ರಸ್ತೆಯೇ ನುಂಗಿದರೆ ಓಡುವುದು ಯಾವಾಗ?

ಮಳೆ, ಕತ್ತಲು, ಪಂಕ್ಚರಿನ ವಿಷಯದಲ್ಲಿ ಅವನ ಮಾತು ಒಪ್ಪುತ್ತೇನೆ. ಅದರಲ್ಲಿ ಅವನು ನನಗಿಂತ ಮುಂದೆ. ಪೂರ್ತಿ ಬಿಡು ಅಂತಲೂ ನಾನು ಹೇಳುತ್ತಿಲ್ಲ. ಸೋಮವಾರ, ಶುಕ್ರವಾರ ಬಸ್ಸು ಹತ್ತಲಿ, ವಾರದ ಅಂಗಿಗಳನ್ನು ಸೋಮವಾರವೇ ತಂದು ಆಫೀಸಿನಲ್ಲಿ ಇಟ್ಟುಕೊಳ್ಳಲಿ, ಬೆನ್ನಿನ ಭಾರವಾದರೂ ಇಳಿಯುತ್ತದೆ. ಮಂಗಳವಾರ, ಗುರುವಾರ ಕಾಲು ಗಂಟೆ ಮೊದಲೇ ಹೊರಟು ಚಿಕ್ಕ ಗೇರಿನಲ್ಲಿ ನಿಧಾನಕ್ಕೆ ಬರಲಿ. ಬುಧವಾರ ಸಂಜೆ ಕೈಮರದ ಏರು ಅವನಿಗೇ ಇರಲಿ, ನಾನೂ ಬರುತ್ತೇನೆ. ಉದ್ದ ಸವಾರಿ ಶನಿವಾರ ರಾತ್ರಿ ಊಟ ಮುಗಿಸಿ ಕಡೂರಿನ ಕಡೆಗೆ. ಆ ಕಡೆ ಮಳೆ ಕಮ್ಮಿ, ರಸ್ತೆಯೂ ಸಪಾಟು. ನಿದ್ದೆಗಣ್ಣಿನಲ್ಲಿ ಏನು ತಿಂದರೆ ಹೊಟ್ಟೆ ಒಪ್ಪುತ್ತದೆ ಅಂತ ಅಲ್ಲೇ ನೋಡೋಣ. ಬುತ್ತಿ ನಾನೇ ಕಟ್ಟಿಸಿಕೊಂಡು ಬರುತ್ತೇನೆ.