ಮೂರಕ್ಷರದ ಪಜೀತಿ

ಮಂಡ್ಯದ ನಮ್ಮ ದೊಡ್ಡಮ್ಮನಿಗೆ ಬೆಳಗಿನ ಕಾಫಿ ಜೊತೆ ಪದಬಂಧ ಬೇಕೇ ಬೇಕು. ಮೊನ್ನೆ ಭಾನುವಾರ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಒಂದೇ ಕಡೆ ನಿಂತುಬಿಟ್ಟಿದ್ದರು. ಸುಳಿವು: ಕವಿ. ಮೂರು ಮನೆ. ಮೊದಲನೆಯದು ‘ಕ’.

“ನಾಲಿಗೆ ತುದೀಲೇ ಐತೆ ಕಣ್ಲಾ, ಬತ್ತಾ ಇಲ್ಲ.”

ನಾನು ಸುಮ್ನೆ ಇರಬಹುದಿತ್ತು. ಲ್ಯಾಪ್‌ಟಾಪ್ ತೆಗೆದೆ.

ಅದರಲ್ಲಿ ಕಾಗುಣಿತದ ತಪ್ಪು ಹಿಡಿಯೋಕೆ ಹಾಕಿಕೊಂಡ ಕನ್ನಡ ಪದಪಟ್ಟಿ ಇದೆ. ಹಿಡಿಯೋ ಕೆಲಸ ಹನ್‌ಸ್ಪೆಲ್ ಅನ್ನೋ ತಂತ್ರಾಂಶದ್ದು. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡರ ಒಳಗೂ ಕೂತಿರೋದು ಅದೇ. ಹುಟ್ಟಿದ್ದು ಹಂಗೇರಿ ಭಾಷೆಗಾಗಿ. ಅವರೂ ನಮ್ಮ ಹಾಗೆ ಪದಕ್ಕೆ ಬಾಲ ಕಟ್ಟುತ್ತಲೇ ಹೋಗುವವರು. ಮನೆ, ಮನೆಯಲ್ಲಿ, ಮನೆಯಲ್ಲಿಯೂ ಅಂತ ಎಲ್ಲ ಬರೆದಿಡೋಕೆ ಕೂತರೆ ಮುಗಿಯುತ್ತಾ? ಅದಕ್ಕೇ ಪದಗಳಿಗೆ ಒಂದು ಫೈಲು, ಬಾಲ ಅಂಟಿಸೋ ನಿಯಮಕ್ಕೆ ಇನ್ನೊಂದು. ಪದದ ಫೈಲಲ್ಲಿ ಸಾಲಿಗೊಂದು ಪದ. ಸಾಲು ಹುಡುಕಿಕೊಡೋ ಗ್ರೆಪ್ ಅನ್ನೋ ಆಜ್ಞೆಗೆ ಟೋಪಿ ಚಿಹ್ನೆ (^) ಹಾಕಿ ‘ಕ’ ಅಂದರೆ ಕ-ದಿಂದ ಶುರುವಾಗೋದೆಲ್ಲ ಬರುತ್ತೆ.

ಬಂತು. ಕಾಗೆ, ಕಿಟಕಿ, ಕುರಿ, ಕೋತಿ...

“ಕ ಅಂದ್ರೆ ಕ ಕಣ್ಲಾ. ಈ ಕೋತಿನೆಲ್ಲಾ ಯಾಕ್ ಕರ್ಕೊಂಡ್ ಬಂದೆ?”

ಕಂಪ್ಯೂಟರ್ ಅಕ್ಷರಗಳನ್ನು ಬರೆದಿಟ್ಟುಕೊಳ್ಳೋ ಯೂನಿಕೋಡ್ ಪದ್ಧತಿಯಲ್ಲಿ ‘ಕೋ’ ಅಂದರೆ ಮೊದಲು ‘ಕ’, ಆಮೇಲೆ ಓತ್ವ. ಹಾಗಾಗಿ ಕ-ಕಾಗುಣಿತದ ಸಂಸಾರವೆಲ್ಲ ಒಂದೇ ಬಾಗಿಲಲ್ಲಿ ನುಗ್ಗಿತ್ತು.

ಸರಿ, ಮೂರಕ್ಷರದ್ದು ಮಾತ್ರ ಕೊಡು ಅಂದೆ. ಕಮಲ ಬಂತು. ಹಿಂದೆಯೇ ಕಾಲ, ಕಡು. ದೊಡ್ಡಮ್ಮ ಬೆರಳು ಮಡಚಿದರು. “ಕಾ, ಲ. ಎರಡೇ! ಇದಕ್ಕೆ ಎಣಿಸೋಕೂ ಬರಲ್ವಾ?”

ಬರುತ್ತೆ. ದೀರ್ಘವನ್ನೂ ಕೊಂಬನ್ನೂ ಒಂದೊಂದು ತಲೆ ಅಂತ ಎಣಿಸುತ್ತೆ, ಅಷ್ಟೇ. ಇದನ್ನು ಅವರಿಗೆ ಹೇಳೋದು ಹೇಗೆ ಅಂತ ಯೋಚಿಸುತ್ತಿದ್ದಾಗ ಬೀದಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಕಿಟಕಿ ಗಾಜು ಅದುರಿಸುತ್ತಾ ಹೋಯಿತು. ದೊಡ್ಡಮ್ಮ ಆ ಕಡೆ ನೋಡಿದರು. ಪೆನ್ಸಿಲ್ ಕಿವಿಯಿಂದ ಇಳಿಯಿತು. ಕ, ಬ್ಬಿ, ಗ.

ನನಗೆ ಹೊಟ್ಟೆಉರಿ. ಪೂರ್ತಿ ಪಟ್ಟಿಯಲ್ಲಿ ಹುಡುಕಿದೆ. ಕಬ್ಬಿಗ ಅಲ್ಲೇ ಇದ್ದ! ಒಂದು ಕ, ಎರಡು ಬ, ಅವುಗಳ ನಡುವೆ ಒತ್ತಕ್ಷರ ಕಟ್ಟೋ, ಕಣ್ಣಿಗೆ ಕಾಣದ ವಿರಾಮ ಚಿಹ್ನೆ, ಗುಡಿಸು, ಗ. ಒಟ್ಟು ಆರು. ಮೂರೇ ಸಾಕು ಅಂತ ನಾನೇ ಅವನನ್ನು ಆಚೆ ಅಟ್ಟಿದ್ದೆ.

“ಕಂಪ್ಯೂಟರ್ ಲೆಕ್ಕದಲ್ಲಿ ಅದು ಆರಕ್ಷರ, ದೊಡ್ಡಮ್ಮ.”

“ಮೂರು ಮನೇಲಿ ಆರು ಜನ ಹೆಂಗ್ಲಾ ಇರ್ತಾರೆ?” ಅಂದವರು, ಮುಂದಿನ ಸುಳಿವನ್ನು ನನಗೆ ಕೇಳಿಸದ ಹಾಗೆ ಮೆಲ್ಲಗೆ ಓದಿಕೊಂಡರು.