ಬಿಸ್ಕತ್ತಿಗೂ ಹೆಬ್ಬೆಟ್ಟು

ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ ನಾಲ್ಕು ಸುತ್ತು ಹಾಕುವ ನಮ್ಮದೊಂದು ಗುಂಪಿದೆ. ಸುತ್ತು ಮುಗಿದ ಮೇಲೆ ಸೀದಾ ಹೋಟೆಲಿಗೆ. ನಡೆಯೋದು ಇಪ್ಪತ್ತೈದು ನಿಮಿಷ, ಕೂರೋದು ಒಂದು ಗಂಟೆ. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ರಸ್ತೆ ಕಂಟ್ರಾಕ್ಟರು, ಇನ್ನೊಬ್ಬರು ಆಲೂಗಡ್ಡೆ ಮಂಡಿಯವರು, ಕೊನೆಗೆ ನಾನು. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸುದ್ದಿ ಒಂದರ ಹಿಂದೆ ಒಂದು ಬಂದು, ಸರ್ಕಾರ ತಜ್ಞರ ಸಮಿತಿ ಮಾಡಿ, ಜನ ಇಸಿಜಿಗೆ ಸಾಲು ನಿಂತರಲ್ಲ, ಆಗ ಹುಟ್ಟಿದ ಗುಂಪು ಇದು. ಹೆದರಿಕೆ ಎರಡೇ ತಿಂಗಳಲ್ಲಿ ಇಳಿಯಿತು. ಬೋಂಡ ಉಳಿದುಕೊಂಡಿತು.

ಮೊನ್ನೆ ಮೇಷ್ಟ್ರ ಮಗ ಅಮೆರಿಕದಿಂದ ಒಂದು ವಿಡಿಯೊ ಕಳಿಸಿದ್ದ. ಅಲ್ಲಿ ಬಡವರಿಗೆ ನಮ್ಮ ಹಾಗೆ ಅಕ್ಕಿ ಅಳೆದು ಕೊಡಲ್ಲವಂತೆ, ಒಂದು ಕಾರ್ಡ್ ಕೊಟ್ಟು ಅದಕ್ಕೆ ತಿಂಗಳು ತಿಂಗಳು ದುಡ್ಡು ಹಾಕುತ್ತಾರೆ, ಅಂಗಡಿಗೆ ಹೋಗಿ ತಮಗೆ ಬೇಕಾದ ಸಾಮಾನು ಅವರೇ ತಗೋಬೇಕು. ಸ್ನ್ಯಾಪ್ ಅಂತ ಹೆಸರು, ಹಳೆಯ ಹೆಸರು ಫುಡ್ ಸ್ಟಾಂಪ್, 1964ರ ಕಾನೂನು. ನಾಲ್ಕು ಕೋಟಿಗೂ ಜಾಸ್ತಿ ಜನ, ತಲೆಗೆ ದಿನಕ್ಕೆ ಹೆಚ್ಚುಕಮ್ಮಿ 6 ಡಾಲರ್. ಈಗ ಆ ಕಾರ್ಡಲ್ಲಿ ಕೋಲಾ ಕೊಳ್ಳಬಾರದು ಅಂತ ರಾಜ್ಯಗಳು ಒಂದೊಂದಾಗಿ ಅಪ್ಪಣೆ ತಗೊಂಡಿವೆ. 2025ರ ಮೇನಲ್ಲಿ ಮೊದಲು ಸಿಕ್ಕಿದ್ದು ನೆಬ್ರಾಸ್ಕಾಕ್ಕೆ. 2026ರ ಜನವರಿ 1ರಿಂದ ನೆಬ್ರಾಸ್ಕಾ, ಅಯೋವಾ, ಇಂಡಿಯಾನಾ, ಯೂಟಾ, ವೆಸ್ಟ್ ವರ್ಜೀನಿಯಾದಲ್ಲಿ ಜಾರಿ.

"ನೋಡ್ರೀ, ಇದು ಆಡಳಿತ ಅಂದ್ರೆ" ಅಂದರು ಮೇಷ್ಟ್ರು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಅದರ ಮೇಲೊಂದು ಆಲೂಗಡ್ಡೆ ಬೋಂಡ ಮುರಿಯುತ್ತಾ. "ನಮ್ಮಲ್ಲೂ ಬರಬೇಕು. ಯಜಮಾನಿಗೆ ತಿಂಗಳಿಗೆ 2000 ಹಾಕ್ತಾರೆ, ಅದು ಎಲ್ಲಿಗೆ ಹೋಗುತ್ತೆ? ಚಿಪ್ಸು, ಬಿಸ್ಕತ್ತು, ಗೋಬಿ ಮಂಚೂರಿ. ನಮ್ಮ ತೆರಿಗೆ ದುಡ್ಡು ಕಣ್ರೀ!"

ಕೋಲಾ ಒಳ್ಳೇದು ಅಂತ ನಾನು ಹೇಳ್ತಿಲ್ಲ. ನನ್ನದೇ ಶುಗರ್ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 160 ಇದೆ. ಆದರೆ ಈ ಗಲಾಟೆ ಹೊಸದೇನಲ್ಲ. 1964ರಲ್ಲಿ ಕಾನೂನು ಮಾಡುವಾಗಲೇ ಪಾಲ್ ಡಗ್ಲಸ್ ಅನ್ನೋ ಸೆನೆಟರ್ ಕೋಲಾ ಬಿಡಿ ಅಂದಿದ್ದರು, ಯಾರೂ ಕೇಳಲಿಲ್ಲ. 2010ರಲ್ಲಿ ನ್ಯೂಯಾರ್ಕ್ ನಗರ ಅರ್ಜಿ ಹಾಕಿತು, ಮರುವರ್ಷ ಕೇಂದ್ರ ಕೃಷಿ ಇಲಾಖೆ ಆಗಲ್ಲ ಅಂತ ವಾಪಸ್ ಕಳಿಸಿತು. ಅದೇ ಇಲಾಖೆ 2016ರಲ್ಲಿ ಒಂದು ವರದಿ ಹೊರಡಿಸಿತು, ಕಾರ್ಡ್ ಇರುವವರ ಬುಟ್ಟಿಯಲ್ಲಿ ಏನಿದೆ, ಇಲ್ಲದವರ ಬುಟ್ಟಿಯಲ್ಲಿ ಏನಿದೆ ಅಂತ ಒಂದು ದೊಡ್ಡ ಅಂಗಡಿ ಸರಣಿಯ ಬಿಲ್ಲುಗಳನ್ನು ಹಿಡಿದು ನೋಡಿದ ವರದಿ. ನೂರು ಡಾಲರ್ ಸಾಮಾನಿನಲ್ಲಿ ಕಾರ್ಡಿನವರು ಸುಮಾರು 5 ಡಾಲರ್ ಕೋಲಾಕ್ಕೆ ಹಾಕಿದ್ದರು. ಕಾರ್ಡಿಲ್ಲದವರು 4. ಆ ಒಂದು ಡಾಲರಿಗಾಗಿ ಇಷ್ಟು ದಿನದ ಪಂಚಾಯ್ತಿ.

ಇದನ್ನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ಚಟ್ನಿ ಬಂದಿತ್ತು.

ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವುದು ಅಂತ ತೀರ್ಮಾನವಾಯಿತು. ಬರೆಯುವ ಕೆಲಸ ನನ್ನ ತಲೆಗೆ. ಮೊದಲನೇ ಸಾಲಲ್ಲೇ ಸಿಕ್ಕಿಕೊಂಡೆವು. ಜಂಕ್ ಅಂದರೆ ಯಾವುದು?

ಚಿಪ್ಸ್ ಅಂದರು ಕಂಟ್ರಾಕ್ಟರು. ಮಂಡಿಯವರ ಮುಖ ಕೆಂಪಾಯಿತು. "ಏನ್ ಮಾತಾಡ್ತೀರಿ ಸಾರ್, ಹಾಸನ ಜಿಲ್ಲೇಲಿ ಕೂತ್ಕಂಡು ಆಲೂಗಡ್ಡೆನ ಜಂಕ್ ಅಂತೀರಾ?" ಅವರ ಸಿಟ್ಟೂ ಸರಿಯೇ. ಜಲಂಧರದಿಂದ ಬಿತ್ತನೆ ಗೆಡ್ಡೆ ತರಿಸಿ, ಮುಂಗಾರಿಗೆ ಹಾಕಿ, ಅಂಗಮಾರಿಗೆ ಹೆದರಿಕೊಂಡು ಔಷಧಿ ಹೊಡೆದು, ಕಿತ್ತು ಮೂಟೆ ಕಟ್ಟಿ ಮಾರುಕಟ್ಟೆಗೆ ತಂದರೆ ಕೇಳುವವರಿಲ್ಲದ ವರ್ಷಗಳನ್ನು ಈ ಊರು ಎಷ್ಟು ನೋಡಿಲ್ಲ. ಅದೇ ಆಲೂಗಡ್ಡೆ ತೆಳ್ಳಗೆ ಹೆಚ್ಚಿಸಿಕೊಂಡು, ಕರಿಸಿಕೊಂಡು, ಗಾಳಿ ತುಂಬಿದ ಪೊಟ್ಟಣದಲ್ಲಿ ಕೂತು 10 ರೂಪಾಯಿ ಬೆಲೆ ಹಚ್ಚಿಕೊಂಡು ಬಂದಾಗ ಮಾತ್ರ ಎಲ್ಲರೂ ಕೊಳ್ಳುತ್ತಾರೆ. ನಾನು ಒಂದು ಸಲ ಎಣಿಸಿದ್ದೇನೆ, ಹದಿನೇಳು ತುಂಡು ಇತ್ತು, ಅದರಲ್ಲಿ ಮೂರು ಮುರಿದದ್ದು. ಅಯೋವಾದ ಕಥೆಯೂ ಇದೇ. ಆ ದೇಶದಲ್ಲಿ ಅತಿ ಹೆಚ್ಚು ಮೆಕ್ಕೆಜೋಳ ಬೆಳೆಯುವ ರಾಜ್ಯ ಅದು. ಜೋಳದವರಿಗೆ ಸರ್ಕಾರದ ಸಹಾಯಧನ ಇದೆ, ಜೋಳದ ಪಾಕವೇ ಕೋಲಾದ ಸಿಹಿ. ಬೆಳೆಯೋಕೂ ಸಹಾಯಧನ, ಪಾಕ ಮಾಡೋಕೂ ಅಡ್ಡಿಯಿಲ್ಲ, ಬಡವಿ ಬಾಟಲಿಗೆ ಕೈ ಹಾಕಿದಾಗ ಮಾತ್ರ ಎಲ್ಲರಿಗೂ ಆರೋಗ್ಯ ನೆನಪಾಗುತ್ತೆ.

ಹಾಗಾಗಿ ಚಿಪ್ಸನ್ನು ಪಟ್ಟಿಯಿಂದ ತೆಗೆದೆವು.

ಕೋಡುಬಳೆ? ಮನೆಯಲ್ಲಿ ಮಾಡಿದ್ದು ಜಂಕ್ ಅಲ್ಲ ಅಂದರು ಮೇಷ್ಟ್ರು. ಎಣ್ಣೆ ಅದೇ ಅಲ್ವಾ ಅಂದೆ. "ನಮ್ಮನೆಯವರು ಬೇರೆ ಥರ ಕರೀತಾರೆ" ಅಂದರು. ನಿಪ್ಪಟ್ಟು ನಮ್ಮ ಸಂಸ್ಕೃತಿ, ಅದನ್ನು ಮುಟ್ಟುವ ಹಾಗಿಲ್ಲ. ಕಾಂಗ್ರೆಸ್ ಕಡ್ಲೆಕಾಯಿ ವಿಷಯದಲ್ಲಿ ಮತ ಎರಡಾಯಿತು, ಕಾರಣ ಆರೋಗ್ಯ ಅಲ್ಲ.

ನಗಬೇಡಿ. 2020ರಲ್ಲಿ ನಮ್ಮದೇ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪಿನ ಪ್ರಾಧಿಕಾರ ಪರೋಟ ರೊಟ್ಟಿಯಲ್ಲ ಅಂತ ಹೇಳಿತ್ತು. ಆಗ ರೊಟ್ಟಿಗೆ ತೆರಿಗೆ ನೂರಕ್ಕೆ 5, ಪ್ಯಾಕೆಟ್ ಪರೋಟಕ್ಕೆ 18. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಕೌನ್ಸಿಲ್ ಪಾಪ್‌ಕಾರ್ನಿನ ಮೂರು ಜಾತಿ ಮಾಡಿತು, ಬಿಡಿ ಉಪ್ಪಿನದಕ್ಕೆ 5, ಪ್ಯಾಕೆಟ್ಟಿನದಕ್ಕೆ 12, ಕ್ಯಾರಮೆಲ್ ಹಚ್ಚಿದ್ದಕ್ಕೆ 18. ಅಯೋವಾದವರು ಇನ್ನೂ ಬುದ್ಧಿವಂತರು. ಕಾರ್ಡಲ್ಲಿ ಕ್ಯಾಂಡಿಯೂ ಬೇಡ ಅಂದರು, ಆದರೆ ಅವರ ತೆರಿಗೆ ಪುಸ್ತಕದ ಪ್ರಕಾರ ಹಿಟ್ಟು ಬೆರೆಸಿದ್ದು ಕ್ಯಾಂಡಿ ಅಲ್ಲ. ಬರೀ ಚಾಕೊಲೇಟ್ ತಗೊಂಡರೆ ತಪ್ಪು, ಒಳಗೆ ಬಿಸ್ಕತ್ತಿನ ಪದರ ಇರುವ ಚಾಕೊಲೇಟ್ ತಗೊಂಡರೆ ಊಟ. ಸ್ನ್ಯಾಪ್ ಕಾರ್ಡಲ್ಲಿ ಬಿಸಿ ಅಡುಗೆ ಕೊಳ್ಳುವ ಹಾಗೂ ಇಲ್ಲ. ಸುಟ್ಟ ಕೋಳಿ ಬಿಸಿ ಇದ್ದರೆ ಇಲ್ಲ, ಅದೇ ಕೋಳಿಯನ್ನು ಆರಿಸಿ ತಣ್ಣಗೆ ಮಾಡಿ ಮಾರಿದರೆ ಸರಿ. ಕೆಲಸ ಮುಗಿಸಿ ರಾತ್ರಿ ಮನೆಗೆ ಬರುವ ಹೆಂಗಸು ತಂಗಳು ಕೋಳಿ ತಿನ್ನಲಿ ಅಂತ ದೊಡ್ಡವರ ಆಶೀರ್ವಾದ.

ಮತ್ತೆ ನಮ್ಮ ದೊಡ್ಡವರು? 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟು, ಮಿಕ್ಸ್ಚರಿನ ಜಿಎಸ್‌ಟಿಯನ್ನು 5ಕ್ಕೆ ಇಳಿಸಿದರು, ಹಬ್ಬದ ಉಡುಗೊರೆ ಅಂತ ಪೇಪರಲ್ಲಿ ಜಾಹೀರಾತೂ ಬಂತು. ಮುಂದಿನ ತಿಂಗಳೇ ನಮ್ಮ ರಾಜ್ಯದ ಸಂಪುಟ, ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿ ಬದಲು ಇಂದಿರಾ ಕಿಟ್ ಕೊಡ್ತೀವಿ ಅಂತು. ತೊಗರಿಬೇಳೆ, ಉಪ್ಪು, ಎಣ್ಣೆ, ಸಕ್ಕರೆ. ಎಣ್ಣೆ ಸಕ್ಕರೆ ಎರಡನ್ನೂ ಸರ್ಕಾರವೇ ಕೈಗಿಟ್ಟ ಮೇಲೆ ಕಜ್ಜಾಯ ಮಾಡಬೇಡ ಅಂದರೆ ಹೇಗೆ?

ಇನ್ನೊಂದು ಎಣ್ಣೆಯ ಮಾತೂ ಇದೆ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ಬರಬೇಕು ಅಂತ ಬಜೆಟ್ಟಿನಲ್ಲಿ ಗುರಿ ಇಟ್ಟಿದ್ದರು. ಗುರಿ! ಅದೇ ವರ್ಷ ಗೃಹಲಕ್ಷ್ಮಿಗೆ ಇಟ್ಟಿದ್ದು 28,608 ಕೋಟಿ. ಗಂಡ ಸಂಜೆ ಯಾವ ಬ್ರಾಂಡ್ ಕುಡಿಯಬೇಕು ಅಂತ ಯಾರೂ ಪಟ್ಟಿ ಮಾಡಿಲ್ಲ, ಅವನು ಕುಡಿದಷ್ಟೂ ಗುರಿ ಹತ್ತಿರ. ಹೆಂಡತಿ 2000ದಲ್ಲಿ ಮಗುವಿಗೆ ಕ್ರೀಮ್ ಬಿಸ್ಕತ್ತು ತಂದರೆ ನಮ್ಮ ಟೇಬಲ್ಲು ಅಲುಗಾಡುತ್ತೆ.

ಸರಿ, ಮನವಿಯನ್ನು ಸ್ವಲ್ಪ ದೊಡ್ಡದು ಮಾಡೋಣ ಅಂದೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಟ್ಟಿ ಕರೆಂಟ್ ಇದೆಯಲ್ಲ, ನಮ್ಮ ನಾಲ್ಕೂ ಮನೆಗೆ ಬರ್ತಿದೆ. ಅದರಲ್ಲಿ ಸೀರಿಯಲ್ ನೋಡಬಾರದು. ಕರೆಂಟ್ ಇರೋದು ಓದೋಕೆ, ರುಬ್ಬೋಕೆ. ಅತ್ತೆ ಸೊಸೆಗೆ ವಿಷ ಹಾಕುವ ಕಂತು ಶುರುವಾದ ತಕ್ಷಣ ಮೀಟರ್ ಹಣ ಕೇಳಬೇಕು. ಶಕ್ತಿ ಬಸ್ಸಲ್ಲಿ ಹಾಸನಾಂಬೆ ದರ್ಶನಕ್ಕೆ ಬಂದರೆ ಟಿಕೆಟ್ ಬೇಡ, ತವರಿಗೆ ಹೋಗಿ ಕೋಳಿ ಸಾರು ಉಂಡು ಬಂದರೆ ವಾಪಸ್ ಬರುವಾಗ ಪೂರ್ತಿ ಚಾರ್ಜು. ಮೇಷ್ಟ್ರ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತಲ್ಲ, ಅದೂ ತೆರಿಗೆ ದುಡ್ಡೇ, ಅದರಲ್ಲಿ ಬೋಂಡ...

"ಅದು ನಾನು ದುಡಿದದ್ದು" ಅಂದರು ಮೇಷ್ಟ್ರು.

ಕಂಟ್ರಾಕ್ಟರು ಮಾತಾಡಲಿಲ್ಲ. ಅವರು ಹಾಕಿದ ರಸ್ತೆಯನ್ನು ದಾಟಿಯೇ ನಾವು ಹೋಟೆಲಿಗೆ ಬರುವುದು, ಹುಷಾರಾಗಿ.

ಅವತ್ತೇ ಹತ್ತು ಗಂಟೆಗೆ ಸೊಸೈಟಿ ಮುಂದೆ ನಮ್ಮ ಬೀದಿಯ ಕೊನೆಮನೆ ಅಜ್ಜಿ ಸಿಕ್ಕಿದರು. ಸಕಲೇಶಪುರದ ಕಡೆ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕಾಫಿ ಹಣ್ಣು ಕುಯ್ದ ಕೈ. ಮೆಷಿನ್ ಮೇಲೆ ಹೆಬ್ಬೆಟ್ಟು ಇಟ್ಟರು, ಕೆಂಪು ಲೈಟು. "ಒರೆಸ್ಕಳಜ್ಜಿ, ಇನ್ನೊಂದ್ ಸಲ ಇಡು" ಅಂದ ಹುಡುಗ. ಸೆರಗಿನಲ್ಲಿ ಒರೆಸಿದರು, ಮತ್ತೆ ಕೆಂಪು. ಆಮೇಲೆ ಹೆಬ್ಬೆರಳನ್ನು ತಲೆಗೂದಲಿಗೆ ಉಜ್ಜಿ, ಅಲ್ಲಿನ ಕೊಬ್ಬರಿ ಎಣ್ಣೆ ತಾಗಿಸಿಕೊಂಡು, ಉಸಿರು ಬಿಗಿಹಿಡಿದು ಒತ್ತಿದರು. ಬೆರಳಲ್ಲಿ ಗೆರೆಯೇ ಉಳಿದಿಲ್ಲ, ಮೆಷಿನ್ನಾದರೂ ಏನು ಓದೀತು. ಐದನೇ ಸಲಕ್ಕೆ ಹಸಿರು ಬಂತು. ಅಕ್ಕಿ ಚೀಲಕ್ಕೆ ಹುಯ್ಸಿಕೊಂಡು, ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಸೊಂಟದ ಚೀಲ ಬಿಚ್ಚಿ 5 ರೂಪಾಯಿ ಕೊಟ್ಟು ಒಂದು ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ತಗೊಂಡರು. ಮೊಮ್ಮಗನಿಗೆ. ಅವನು ಟೀಗೆ ಅದ್ದಿ ತಿಂತಾನೆ, ಅದ್ದುವಾಗ ಬಿದ್ದುಹೋದ ಚೂರು ಲೋಟದ ತಳದಲ್ಲಿರುತ್ತಲ್ಲ, ಅದು ಅಜ್ಜಿಗೆ.

"ಅಜ್ಜಿ, ಸರ್ಕಾರದ ದುಡ್ಡಲ್ಲಿ ಬಿಸ್ಕತ್ ತಗೋಬಾರದು ಅಂತ ಕಾನೂನ್ ಬಂದ್ರೆ ಏನ್ ಮಾಡ್ತೀರಿ?"

ಅಜ್ಜಿ ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು ನನ್ನನ್ನೊಮ್ಮೆ ನೋಡಿದರು. "ನಿಮ್ಗೂ ಬತ್ತದಾ ಸ್ವಾಮಿ, ಇಲ್ಲಾ ನಮ್ಗೇನಾ?"

ಮನವಿ ತಯಾರಾಗಿದೆ. ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಗೋಬಿ ಮಂಚೂರಿ ಮತ್ತು 5 ರೂಪಾಯಿ ಬಿಸ್ಕತ್ತು, ಅವೆರಡರ ಪರ ಮಾತಾಡುವವರು ನಮ್ಮ ಟೇಬಲ್ಲಿನಲ್ಲಿ ಇರಲಿಲ್ಲ. ನಾನು ಬರೆದದ್ದನ್ನು ಓದಿ ಹೇಳಿದೆ, ಬೇಡ ಅಂತಲೂ ಹೇಳಿದೆ, ಆದರೆ ಬರೆದವನು ನಾನೇ. ಮೇಷ್ಟ್ರು ಕೈಯಲ್ಲಿದ್ದ ಬೋಂಡದ ಕೊನೆ ತುಂಡನ್ನು ಬಾಯಿಗೆ ಹಾಕಿಕೊಂಡು, ಸಹಿ ಮಾಡಲು ಕಾಗದ ಎಳೆದುಕೊಂಡರು, ಗಾಳಿಗೆ ಹಾರದಿರಲಿ ಅಂತ ಎಡಗೈ ಹೆಬ್ಬೆರಳಿನಿಂದ ಮೂಲೆಯನ್ನು ಒತ್ತಿ ಹಿಡಿದರು. ಎಣ್ಣೆ ಹೀರಿಕೊಂಡು ಕಾಗದ ಆ ಜಾಗದಲ್ಲಿ ಗಾಜಿನ ಹಾಗಾಯಿತು. ಹೆಬ್ಬೆಟ್ಟಿನ ಒಂದೊಂದು ಗೆರೆಯೂ ಕಾಣುತ್ತಿತ್ತು, ಮೊದಲನೇ ಸಲಕ್ಕೇ.